ತಲೆ ಮೇಲೆ ಕೈ ಹೊತ್ತ ಮ್ಯಾನೇಜರ್

ಮೊಬೈಲಿನ ಕ್ರಿಕೆಟ್ ಆಟದಲ್ಲಿ ನಾನು ತಂಡದ ಮ್ಯಾನೇಜರ್. ಯಾರು ಮೊದಲು ಇಳಿಯಬೇಕು, ಯಾರು ಕುಟ್ಟಬೇಕು, ಯಾರು ನಿಂತು ಆಡಬೇಕು ಎಂದು ಬಟನ್ ಒತ್ತಿದರೆ ಸಾಕು, ಆಟಗಾರರು ಮರುಮಾತಾಡದೆ ಹಾಗೇ ಮಾಡುತ್ತಾರೆ. ಮನೆಯಲ್ಲಿ ಸಿಗದ ಈ ಮರ್ಯಾದೆಯಿಂದ ಉಬ್ಬಿ ಕಪ್ ಮೇಲೆ ಕಪ್ ಗೆದ್ದಿದ್ದೆ.

ಹೀಗಾಗಿ ದಾಂಡೇಲಿಯ ನಮ್ಮ ಓಣಿಯ ತಂಡಕ್ಕೂ ಹಳಿಯಾಳದವರಿಗೂ ಪಂದ್ಯ ನಿಗದಿಯಾದಾಗ, ಬ್ಯಾಟಿಂಗ್ ತಂತ್ರ ನನ್ನದಿರಲಿ ಎಂದು ನಾನೇ ಮುಂದೆ ಬಿದ್ದೆ. ನನ್ನ ಹೆಂಡತಿ ಸುಮಿತ್ರಾಳ ತಮ್ಮ ಮಂಜು ನಮ್ಮ ಅತ್ಯುತ್ತಮ ಬ್ಯಾಟ್ಸ್‌ಮನ್. ಜಿಲ್ಲಾ ತಂಡಕ್ಕೆ ಆಟಗಾರರನ್ನು ಆರಿಸುವವರೊಬ್ಬರು ಅವನ ಆಟ ನೋಡಲೆಂದೇ ಬರುವವರಿದ್ದರು.

"ಮಂಜೂನ್ನ ಮೊದಲ ಇಳಸ್ರಿ," ಎಂದಳು ಸುಮಿತ್ರಾ.

"ಹುಲೀನ್ನ ಕಡೀಕ ಬಿಡಬೇಕು. ಅದಕ್ಕ ತಂತ್ರ ಅಂತಾರ."

"ಅವರು ನೋಡಾಕ ಬರೂದು ಹುಲೀನ್ನ. ನಿಮ್ಮ ತಂತ್ರಾನ್ನಲ್ಲ."

ಮೈದಾನದಲ್ಲಿ ಒತ್ತಲು ಬಟನ್ ಇಲ್ಲ. ಅದಕ್ಕೆ ಸನ್ನೆ ಗೊತ್ತು ಮಾಡಿದೆ: ನಾನು ತಲೆ ಮೇಲೆ ಕೈ ಇಟ್ಟರೆ ಎತ್ತಿ ಹೊಡೆಯಬೇಕು, ಕೈ ಕಟ್ಟಿದರೆ ತಡೆದು ಆಡಬೇಕು. ಎದುರಾಳಿಗಳನ್ನು ಬೆಚ್ಚಿಬೀಳಿಸಲು ನಮ್ಮ ಬೌಲರ್ ಫಕೀರಪ್ಪನನ್ನೇ ಮೊದಲು ಕಳಿಸಿದೆ. ಬೆಚ್ಚಿಬಿದ್ದವನು ಫಕೀರಪ್ಪ. ಮೊದಲ ಚೆಂಡಿಗೇ ಸ್ಟಂಪ್ ಹಾರಿತು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೊಬೈಲಿನಲ್ಲಾದರೆ ಆಟ ನಿಲ್ಲಿಸಿ ಯೋಚಿಸಬಹುದಿತ್ತು. ಇಲ್ಲಿ ಬೌಲರ್ ಓಡಿ ಬರುತ್ತಲೇ ಇದ್ದ. ಬೌಂಡರಿ ಗೆರೆಗುಂಟ ಅತ್ತಿಂದಿತ್ತ ತಿರುಗುತ್ತ ಹಣೆಯ ಬೆವರು ಒರೆಸಿಕೊಂಡೆ. ಕ್ರೀಸಿನಲ್ಲಿದ್ದವನು ಅದನ್ನೇ ಸನ್ನೆ ಎಂದುಕೊಂಡು ಎತ್ತಿ ಹೊಡೆದ. ಕ್ಯಾಚ್. ಕಂಗಾಲಾಗಿ ತಲೆ ಮೇಲೆ ಕೈ ಹೊತ್ತೆ. ಮುಂದಿನವನೂ ಎತ್ತಿ ಹೊಡೆದ. ಅವರು ಔಟಾದಷ್ಟೂ ನಾನು ಕೈ ಹೊತ್ತೆ; ನಾನು ಕೈ ಹೊತ್ತಷ್ಟೂ ಅವರು ಔಟಾದರು.

"ರೀ, ಆ ಕೈ ಕೆಳಗ ಇಳಸ್ರಿ," ಎಂದು ಸುಮಿತ್ರಾ ಜನರ ನಡುವಿನಿಂದ ಕೂಗಿದಳು. ಅಷ್ಟರಲ್ಲಿ ಉಳಿದವನು ಮಂಜು ಒಬ್ಬನೇ.

ಹುಲಿ ಇಳಿಯಿತು. ಆದರೆ ಓವರ್ ಮುಗಿದಿದ್ದರಿಂದ ಚೆಂಡು ಎದುರಿಸುವ ಸರದಿ ಇನ್ನೊಬ್ಬನದು. ಈ ಸಲ ನಾನು ಕೈಗಳನ್ನು ಬಿಗಿಯಾಗಿ ಕಟ್ಟಿದೆ. ಅವನು ವಿಧೇಯತೆಯಿಂದ ತಡೆಯಲು ಹೋಗಿ ಬೌಲ್ಡ್ ಆದ. ಒಂದೂ ಚೆಂಡು ಆಡದೆ ಮಂಜು ನಾಟೌಟ್!

ಆರಿಸಲು ಬಂದವರು ಚಹಾ ಕುಡಿದು ಎದ್ದರು. "ಹುಡುಗ ನಿಂತದ್ದು ಚಲೋ ಐತಿ," ಎಂದರು. ಮಂಜು ಪ್ಯಾಡ್ ಬಿಚ್ಚುತ್ತಿದ್ದ. ಅವನ ಮುಖ ನೋಡಲಾಗದೆ ನಾನು ಅವರ ಹಿಂದೆ ಓಡಿ, "ತಪ್ಪು ನಂದ್ರಿ, ಅವಂದಲ್ಲ. ಮುಂದ ಮುಂಡಗೋಡದಾಗ ಮ್ಯಾಚ್ ಐತಿ, ಒಮ್ಮೆ ಬರ್ರಿ," ಎಂದು ಕೈ ಮುಗಿದೆ. ಹೂಂ ಎಂದರು.

ಮುಂಡಗೋಡಕ್ಕೆ ಹೊರಟ ದಿನ ಟೆಂಪೋದಲ್ಲಿ ನನಗೆ ಜಾಗವಿರಲಿಲ್ಲ. ಖಾಲಿ ಇದ್ದ ಒಂದೇ ಸೀಟಿನ ಮೇಲೆ ಸುಮಿತ್ರಾ ಊಟದ ಡಬ್ಬಿ ಇಟ್ಟಿದ್ದಳು. ಮನೆಯಲ್ಲಿ ಅಡುಗೆಮನೆಗೂ ಬಾಗಿಲಿಗೂ ತಿರುಗಿ ತಿರುಗಿ ಕಾಲು ಸೋತಿತು. ಸಂಜೆ ಮಂಜು ಫೋನ್ ಮಾಡಿದ. ಮೊದಲೇ ಇಳಿದು ಕೊನೆಯತನಕ ಆಡಿದ್ದ, ನಮ್ಮ ತಂಡ ಗೆದ್ದಿತ್ತು. ಜಿಲ್ಲಾ ತಂಡಕ್ಕೂ ಆಯ್ಕೆಯಾಗಿದ್ದ.

"ಮಾವಾರ, ಈ ಸಲ ನಿಮ್ಮ ತಂತ್ರ ಭಾಳ ಕೆಲಸ ಮಾಡ್ತು ನೋಡ್ರಿ."

ನನ್ನ ಎದೆ ಉಬ್ಬಿತು. "ಯಾವ ತಂತ್ರಪಾ?"

"ನೀವು ಬರದ ಇದ್ದದ್ದು."

ಮೊಬೈಲಿನ ಹೊರಗೆ ನಾನು ಗೆಲ್ಲಿಸಿಕೊಟ್ಟ ಏಕೈಕ ಪಂದ್ಯ ಅದು.