ಮೈಕ್ ಮೇಷ್ಟ್ರು ಬೋಲ್ಟು ಬಿಚ್ಚಿದ್ದು

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮೈಕ್ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು, ಇನ್ನು ಮೇಲೆ ಈ ಮನೆಯ ಕಾರನ್ನು ಈ ಮನೆಯವರೇ ರಿಪೇರಿ ಮಾಡುತ್ತಾರೆ ಎಂದು ಘೋಷಿಸಿದರು. ಮನೆಯಲ್ಲಿದ್ದವರು ಇಬ್ಬರೇ. ಇನ್ನೊಬ್ಬರು, ಅಂದರೆ ಅವರ ಹೆಂಡತಿ, ಪೇಪರಿನಿಂದ ತಲೆ ಎತ್ತಲಿಲ್ಲ.

"ಕೇಳಿಸ್ತಾ?"

"ಎದುರುಮನೆಗೂ ಕೇಳಿಸ್ತು."

ಅದು ಉತ್ಪ್ರೇಕ್ಷೆಯಲ್ಲ. ಮೇಷ್ಟ್ರು ಕಾಲೇಜಿನಲ್ಲಿ ವ್ಯಾಕರಣ ಹೇಳುವವರು. ಇಪ್ಪತ್ತಾರು ವರ್ಷದಿಂದ ಮೈಕಿನ ಹಂಗಿಲ್ಲದೆ ಕೊನೆಯ ಬೆಂಚಿಗೂ, ಅದರ ಹಿಂದಿನ ಗೋಡೆಗೂ, ಗೋಡೆಯಾಚೆಯ ಗಣಿತದ ತರಗತಿಗೂ ಸಂಧಿ ಸಮಾಸ ಕಲಿಸಿದ್ದರು. ಹೆಂಡತಿ ಹಲ್ಲಿನ ಡಾಕ್ಟರು. ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಬಾಯಿ ತೆರೆದಿದ್ದೂ ಮಾತಾಡದವರ ನಡುವೆ ದಿನವಿಡೀ ಕಳೆದು, ಸಂಜೆ ಒಳಮನೆಗೆ ಬರುತ್ತಿದ್ದರು.

ಕಾರಿನ ಮುಂದಿನ ಬಲಚಕ್ರದ ಬ್ರೇಕು ಒಂದು ವಾರದಿಂದ ಕೀರಲು ದನಿಯಲ್ಲಿ ಕೂಗುತ್ತಿತ್ತು. ಶನಿವಾರ ಮೆಕ್ಯಾನಿಕ್ ಬಗ್ಗಿ ನೋಡಿದ್ದ. "ಪ್ಯಾಡ್ ಸವೆದಿದೆ ಸಾರ್. ಹೊಸದು ಹಾಕೋದು ಸುಲಭ. ಆದ್ರೆ ಹಿಂದಿನ ಬೋಲ್ಟು ತುಕ್ಕು ಹಿಡಿದು ಕಚ್ಕೊಂಡ್ಬಿಟ್ಟಿದೆ. ಮಂಗಳವಾರ ತನ್ನಿ."

ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. "ನೀವು ಮಾತ್ರ ಕೈ ಹಾಕೋಕೆ ಹೋಗ್ಬೇಡಿ ಸಾರ್," ಎಂದೂ ಸೇರಿಸಿದ. ಮೇಷ್ಟ್ರು ಅಲ್ಲಿಂದ ನೇರ ಅಂಗಡಿಗೆ ಹೋಗಿ ಪ್ಯಾಡು ಕೊಂಡು ತಂದರು.

"ನಾಲ್ಕು ಗಂಟೆಗೆ ಅಮ್ಮನ ರೈಲು ಬರುತ್ತೆ, ನೆನಪಿರ್ಲಿ," ಎಂದರು ಡಾಕ್ಟರು. "ಹೋದ್ಸಲ ನೀವು ಹತ್ತು ನಿಮಿಷ ತಡ ಮಾಡಿದ್ದಕ್ಕೆ ಮೂರು ದಿನ ನಿಮ್ಮನ್ನ ಮಾತಾಡಿಸ್ಲಿಲ್ಲ."

"ಆ ಮೂರು ದಿನ ನಂಗೆ ಎಷ್ಟು..." ಎಂದು ಶುರು ಮಾಡಿದ ಮೇಷ್ಟ್ರು ಹೆಂಡತಿಯ ಮುಖ ನೋಡಿ, "...ಬೇಜಾರಾಗಿತ್ತು ಗೊತ್ತಾ," ಎಂದು ವಾಕ್ಯವನ್ನು ಬೇರೆ ಕ್ರಿಯಾಪದಕ್ಕೆ ಸಾಗಿಸಿದರು. "ಹನ್ನೊಂದಕ್ಕೆ ಮುಗಿಸ್ತೀನಿ, ನೋಡ್ತಿರು."

ಜಾಕು ಏರಿತು, ಚಕ್ರ ಕಳಚಿತು. ಅಲ್ಲಿಯವರೆಗೆ ಎಲ್ಲವೂ ಸಾಂಗ. ಪ್ಯಾಡುಗಳನ್ನು ಅಪ್ಪಿ ಹಿಡಿದ ಕಬ್ಬಿಣದ ಮುದ್ದೆಯ ಬೆನ್ನ ಹಿಂದೆ ಆ ಬೋಲ್ಟಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ. ಕೈ ತೂರಿಸಿ ತಡವಿದರೆ ಸಿಗುತ್ತಿತ್ತು. ಮೇಷ್ಟ್ರು ತಡವಿ, ಸ್ಪ್ಯಾನರ್ ಸಿಕ್ಕಿಸಿ, ಎಡಕ್ಕೆ ಒತ್ತಿದರು. ಅದು ಜಪ್ಪಯ್ಯ ಅನ್ನಲಿಲ್ಲ.

"ಬಿಚ್ಚೋದು ಎಡಕ್ಕೆ, ಬಿಗಿಯೋದು ಬಲಕ್ಕೆ. ಇದಕ್ಕೆ ಅಪವಾದ ಇಲ್ಲ," ಎಂದು ಬೋಲ್ಟಿಗೆ ತಿಳಿಯುವಂತೆ ಹೇಳಿದರು. ಬರೀ ಅಪವಾದಗಳನ್ನೇ ಪಾಠ ಮಾಡಿ ಸಂಬಳ ಎಣಿಸಿದವರು ಅವರು.

ಹಿಡಿ ಉದ್ದವಾದರೆ ಬಲ ಹೆಚ್ಚುತ್ತದೆ ಎಂದು ಎಲ್ಲೋ ಓದಿದ ನೆನಪಾಯಿತು. ನೆಲ ಒರೆಸುವ ಕೋಲಿನ ಸ್ಟೀಲ್ ಕೊಳವೆಯನ್ನು ಸ್ಪ್ಯಾನರಿನ ಬಾಲಕ್ಕೆ ತೊಡಿಸಿ ಎಳೆದರು. ಕೊಳವೆ ಪ್ರಶ್ನಾರ್ಥಕ ಚಿಹ್ನೆಯಾಯಿತು. ಆಮೇಲೆ ಕಣ್ಣಿಗೆ ಬಿದ್ದದ್ದು ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಊರುಗೋಲಾಗಿ ನಿಂತಿದ್ದ ಕಬ್ಬಿಣದ ಪೈಪು. ಅದನ್ನು ಕಿತ್ತರು. ಹಗ್ಗ ಕೆಳಗೆ ಬಂತು. ಹಗ್ಗದ ಜೊತೆ ಎರಡು ಹೊದಿಕೆ ಮತ್ತು ಡಾಕ್ಟರ ನಾಲ್ಕು ಬಿಳಿ ಕೋಟುಗಳೂ ಬಂದವು.

ಕಿಟಕಿಯಿಂದ ದನಿ ಬಂತು. "ರೀ, ನನ್ನ ಕೋಟು ಮಣ್ಣಲ್ಲಿದೆ."

"ಅದು ಎಲ್ಲಿಗೂ ಹೋಗಲ್ಲ ಬಿಡು."

ಹನ್ನೊಂದಾಯಿತು, ಹನ್ನೆರಡೂ ಆಯಿತು. ಮೇಷ್ಟ್ರು ಎಣ್ಣೆ ಬಿಟ್ಟರು, ಸುತ್ತಿಗೆಯಲ್ಲಿ ಬಡಿದರು, ಬೋಲ್ಟಿನ ವಂಶವನ್ನು ಮೂರು ತಲೆಮಾರು ಹಿಂದಕ್ಕೆ ಹೋಗಿ ವಿಚಾರಿಸಿಕೊಂಡರು. ಹನ್ನೆರಡೂವರೆಗೆ ಕೊನೆಗೂ 'ಕಿರ್' ಎಂದು ಸದ್ದಾಗಿ, ಬೋಲ್ಟು ಕೂದಲೆಳೆಯಷ್ಟು ತಿರುಗಿತು.

"ಅಲುಗ್ತು ಕಣೇ!"

"ಯಾವ ಕಡೆಗೆ?" ಎಂದು ಒಳಗಿನಿಂದಲೇ ಕೇಳಿದರು ಡಾಕ್ಟರು.

ಅದೊಂದು ಪ್ರಶ್ನೆಯೇ ಎಂದುಕೊಂಡರು ಮೇಷ್ಟ್ರು. ಪೈಪನ್ನು ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ಕಾರಿಗೆ ಒತ್ತಿ ಹಿಡಿದು, ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟು ಮಾಡಿ ತಮ್ಮ ಕಡೆಗೆ ಎಳೆದರು. ಸ್ಪ್ಯಾನರ್ ಜಾರಿತು. ಪೈಪು ಕರೆದವರ ಬಳಿಗೇ ಬಂತು. ಸರಿಯಾಗಿ ಬಾಯಿಗೆ.

ಹೊರಗಿನ ಸದ್ದು ಒಮ್ಮೆಲೇ ನಿಂತಿದ್ದರಿಂದ ಡಾಕ್ಟರು ಗಾಬರಿಯಾಗಿ ಓಡಿ ಬಂದರು. ಮೇಷ್ಟ್ರು ನೆಲದ ಮೇಲೆ ಕೂತಿದ್ದರು. "ಓಲ್ಟು ಜಾರಿ..." ಎಂದರು. ಡಾಕ್ಟರು ಗಲ್ಲ ಹಿಡಿದೆತ್ತಿ, ಬೆರಳಿನಿಂದ ಮುಂದಿನ ಹಲ್ಲನ್ನು ಮುಟ್ಟಿ ನೋಡಿದರು.

"ಬೆಳಿಗ್ಗೆಯಿಂದ ಸಡಿಲ ಆಗಿರೋದು ಇದೊಂದೇ," ಎಂದರು. "ನಡೀರಿ ಒಳಗೆ."

ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಲಗಿಸಿ, ಹಲ್ಲನ್ನು ಸ್ವಸ್ಥಾನಕ್ಕೆ ತಳ್ಳಿ, ತೆಳು ತಂತಿಯಿಂದ ಅಕ್ಕಪಕ್ಕದ ಹಲ್ಲುಗಳಿಗೆ ಕಟ್ಟಿದರು. "ಎರಡು ವಾರ ಹೀಗೇ ಇರ್ಬೇಕು. ನಾಲಿಗೆ ತಾಗಿಸ್ಬೇಡಿ." ತುಟಿ ಊದಿದ್ದರಿಂದ ಪವರ್ಗ ಆಗಲೇ ಕೈಬಿಟ್ಟಿತ್ತು. ನಾಲಿಗೆ ಹಲ್ಲಿಗೆ ತಾಗಬಾರದೆಂದ ಮೇಲೆ ತವರ್ಗವೂ ಹೋಯಿತು. ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದರು. ತವರ್ಗವಿಲ್ಲದೆ 'ನಾನು' ಎನ್ನಲೂ ಬರುವುದಿಲ್ಲ.

ಎರಡು ಗಂಟೆಯಾಗಿತ್ತು. ಡಾಕ್ಟರು ಬಾಯಿ ನೋಡುವ ಪುಟ್ಟ ಕನ್ನಡಿಯನ್ನೂ ಟಾರ್ಚನ್ನೂ ತೆಗೆದುಕೊಂಡು ಕಾರಿನ ಹತ್ತಿರ ಹೋಗಿ ಮಂಡಿಯೂರಿದರು. ಟಾರ್ಚನ್ನು ಗಂಡನ ಕೈಗೆ ಕೊಟ್ಟು ಕನ್ನಡಿಯನ್ನು ಕಬ್ಬಿಣದ ಹಿಂದೆ ತೂರಿಸಿದರು.

"ಬೋಲ್ಟಿನ ತಲೆ ಆ ಕಡೆಗಿದೆ. ನೀವು ಕೂತಿದ್ದು ಈ ಕಡೆ," ಎಂದರು. "ಗೋಡೆ ಗಡಿಯಾರವನ್ನ ಹಿಂದಿನಿಂದ ನೋಡಿದ್ರೆ ಮುಳ್ಳು ಯಾವ ಕಡೆ ತಿರುಗುತ್ತೆ ಹೇಳಿ."

ಮೇಷ್ಟ್ರು ಹೇಳುವ ಸ್ಥಿತಿಯಲ್ಲಿರಲಿಲ್ಲ. ಆದರೆ ಗಡಿಯಾರದ ಹಿಂದೆ ಹೋಗಿ ನಿಂತು ನೋಡಿಬಂದದ್ದು ಅವರ ಮುಖದಲ್ಲೇ ಕಾಣಿಸಿತು.

"ಅಂದ್ರೆ ಬೆಳಿಗ್ಗೆಯಿಂದ ಅದನ್ನ ಬಿಗಿ ಮಾಡ್ತಾ ಇದ್ರಿ. ಹನ್ನೆರಡೂವರೆಗೆ ಅಲುಗ್ತು ಅಂದ್ರಲ್ಲ, ಅಲ್ಲಿಗೆ ಪೂರ್ತಿ ಬಿಗಿಯಾಯ್ತು."

ಡಾಕ್ಟರು ಮತ್ತೆ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾದರು. ಆಮೇಲೆ ಸ್ಪ್ಯಾನರ್ ಹಾಕಿ ಒಂದಿಷ್ಟು ಬಿಗಿದು, ಒಂದಿಷ್ಟು ಬಿಟ್ಟು, ಮತ್ತೆ ಬಿಗಿದು, ಮತ್ತೆ ಬಿಟ್ಟರು. "ಹಲ್ಲು ಕೀಳೋದು ಅಂತಾರೆ. ಯಾರೂ ಕೀಳಲ್ಲ. ಅಲ್ಲಾಡಿಸಿ ಅಲ್ಲಾಡಿಸಿ ಅದಾಗೇ ಬರೋ ಹಾಗೆ ಮಾಡ್ಬೇಕು." ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮೇಷ್ಟ್ರು ಹೆಂಡತಿ ಕೆಲಸ ಮಾಡುವುದನ್ನು ಅಡ್ಡಮಾತಿಲ್ಲದೆ ನೋಡಿದ್ದು ಅಂದೇ. ಅವರಿಗೆ ಸ್ವಲ್ಪ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯೇ ಆಯಿತು. ಎರಡನ್ನೂ ಹೇಳಲು ಬೇಕಾದ ಅಕ್ಷರಗಳಿರಲಿಲ್ಲ. ಟಾರ್ಚನ್ನು ನೆಟ್ಟಗೆ ಹಿಡಿದರು.

ಎರಡೂಮುಕ್ಕಾಲಿಗೆ ಬೋಲ್ಟು ಡಾಕ್ಟರ ಅಂಗೈಗೆ ಬಂತು. ಮೂರೂಕಾಲಿಗೆ ಹೊಸ ಪ್ಯಾಡು ಕೂತು, ಚಕ್ರವೂ ಏರಿತು. ಡಾಕ್ಟರು ಗೇಟಿನೊಳಗೇ ಹತ್ತು ಸಲ ಕಾರನ್ನು ಹಿಂದೆ ಮುಂದೆ ಓಡಿಸಿ ಬ್ರೇಕು ಒತ್ತಿ ನೋಡಿದರು. ಸದ್ದೇ ಇಲ್ಲ.

ರೈಲು ಬಂದಾಗ ಅವರಿಬ್ಬರೂ ಪ್ಲಾಟ್‌ಫಾರ್ಮಿನಲ್ಲಿದ್ದರು. ಅತ್ತೆ ಮುಂದಿನ ಸೀಟಿನಲ್ಲಿ ಕೂತರು, ಮಗಳು ಕಾರು ನಡೆಸಿದರು, ಅಳಿಯ ಹಿಂದೆ ಅತ್ತೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ಕಾರು ಮೂರು ಸಿಗ್ನಲ್ ದಾಟಿತು. ಹಿಂದಿನ ಸೀಟಿನಿಂದ ಒಂದು ಮಾತೂ ಹೊರಡಲಿಲ್ಲ. ಅತ್ತೆಗೆ ಕಸಿವಿಸಿಯಾಯಿತು.

"ಅಳಿಯಂದಿರು ಯಾಕೆ ಒಂದೂ ಮಾತಾಡ್ತಿಲ್ಲ? ಹುಷಾರಿಲ್ವಾ?"

"ಹಾಗೇನಿಲ್ಲಮ್ಮ. ಇವತ್ತು ಮನೇಲೇ ಬ್ರೇಕು ರಿಪೇರಿ ಆಯ್ತು."

ಅತ್ತೆ ಹಿಂದಕ್ಕೆ ತಿರುಗಿ, ಊದಿದ ತುಟಿಯನ್ನೂ ಅದರಡಿ ಹೊಳೆಯುವ ತಂತಿಯನ್ನೂ ಸಾವಕಾಶವಾಗಿ ನೋಡಿದರು. ಆಮೇಲೆ ಮುಂದಕ್ಕೆ ತಿರುಗಿ ನೆಮ್ಮದಿಯಾಗಿ ಒರಗಿಕೊಂಡರು.

"ಚೆನ್ನಾಗಿ ಹಿಡೀತಿದೆ."