ಅತ್ತೆಯವರ ಎರಡನೇ ಗಂಟೆ

ಟೀಚರ್ ಇದ್ದ ಮನೆಯಲ್ಲಿ ನಗುವುದಕ್ಕೆ ಬೇರೆ ಏರ್ಪಾಡು ಬೇಕಾಗಿಲ್ಲ. ಶಿಸ್ತು ಇದ್ದರೆ ಸಾಕು, ತಮಾಷೆ ಅದರ ಬೆನ್ನಿಗೇ ಬರುತ್ತದೆ. ನನ್ನ ಅತ್ತೆ ಹರಿಹರದ ಕನ್ನಡ ಶಾಲೆಯೊಂದರಲ್ಲಿ ನಿವೃತ್ತಿಯಾಗುವವರೆಗೂ ಪಾಠ ಹೇಳಿದವರು. ಅವರ ವ್ಯಾನಿಟಿ ಬ್ಯಾಗಿನಲ್ಲಿ ಹಿತ್ತಾಳೆಯ ಕೈಗಂಟೆಯೊಂದು ಇರುತ್ತಿತ್ತು. ಬೆಳಿಗ್ಗೆ ಅದು ಅವರ ಜೊತೆ ಬಸ್ಸಿನಲ್ಲಿ ಹರಿಹರಕ್ಕೆ ಹೋಗುತ್ತಿತ್ತು, ಸಂಜೆ ದಾವಣಗೆರೆಯ ವಿನೋಬನಗರದ ನಮ್ಮ ಮನೆಗೆ ಮರಳುತ್ತಿತ್ತು.

ಮೊದಲ ಊಟ

ನಾನು ಕಾನ್ವೆಂಟಿನಲ್ಲಿ ಓದಿದವಳು. ಶಿಸ್ತನ್ನು ನನಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ ಎಂದು ಮದುವೆಯಾಗಿ ಬಂದಾಗ ನಂಬಿದ್ದೆ. ಈಗಲೂ ಬಹುಮಟ್ಟಿಗೆ ನಂಬುತ್ತೇನೆ.

ಮೊದಲ ದಿನ ಸಂಜೆ ಗಂಟೆ ಕೇಳಿಸಿತು. ಪೂಜೆ ಇರಬೇಕೆಂದು ದೇವರ ಮನೆಗೆ ಹೋಗಿ ಕಣ್ಣು ಮುಚ್ಚಿ ನಿಂತೆ. ಎಷ್ಟು ಹೊತ್ತಾದರೂ ಯಾರೂ ಬರಲಿಲ್ಲ. ಹೊರಗೆ ಬಂದು ನೋಡಿದರೆ ಮನೆಮಂದಿಯೆಲ್ಲ ಬಿಸಿ ರೊಟ್ಟಿಯ ಮುಂದೆ ಕೈ ಕಟ್ಟಿಕೊಂಡು ಕೂತಿದ್ದಾರೆ, ಮಾವನವರೂ ಸೇರಿ.

"ಊಟ ಮಾಡ್ರಿ ಮಾವ," ಎಂದೆ.

"ಸುಮ್ನಿರವ್ವ," ಎಂದು ಮಾವ ಪಿಸುಗುಟ್ಟಿದರು. "ಎರಡ್ನೇ ಗಂಟೆ ಆಗಿಲ್ಲ. ಈಗ ಮುಟ್ಟಿದ್ರೆ ನಿಮ್ಮತ್ತೆ ನನ್ನ ಮೂಲೇಲಿ ನಿಲ್ಲಿಸ್ತಾಳೆ."

ಅತ್ತೆಯವರ ಪದ್ಧತಿ ಅದು. ಮೊದಲ ಗಂಟೆಗೆ ಕೈ ತೊಳೆದು, ಗಿಡ್ಡವರು ಮುಂದೆ, ಉದ್ದದವರು ಹಿಂದೆ ಸಾಲಾಗಿ ಬಂದು ಕೂರಬೇಕು. ಕಟ್ಟಕಡೆಯವರ ತಟ್ಟೆಗೂ ಬಡಿಸಿದ ಮೇಲೆ ಎರಡನೇ ಗಂಟೆ, ಆಮೇಲೇ ಮೊದಲ ತುತ್ತು. ಶಾಲೆಯಲ್ಲೂ ಹಾಗೆಯೇ, ಮನೆಯಲ್ಲೂ ಹಾಗೆಯೇ. ಆ ಸಂಜೆ ಕಟ್ಟಕಡೆಯವಳು ನಾನು.

"ಏನವ್ವ, ಅಷ್ಟೊತ್ತು ದೇವರ ಹತ್ರ ಏನು ಕೇಳಿದೆ?" ಎಂದರು ಅತ್ತೆ.

"ಮನೇಲಿ ಎಲ್ಲರೂ ಚೆನ್ನಾಗಿರಲಿ ಅಂತ."

"ಎಲ್ಲರೂ ಇಲ್ಲಿ ಹಸ್ಕೊಂಡು ಕುಂತಾರೆ. ಕುಂದ್ರು."

ಆ ಗಂಟೆ ಒಂದು ದಿನ ನನ್ನ ಕೈಗೆ ಬರಬೇಕು, ಅದೂ ಅವರೇ ಒಪ್ಪಿ ಕೊಡಬೇಕು ಎಂದು ಅಂದೇ ಹಟ ತೊಟ್ಟೆ. ಆಗಾಗ ಕೇಳುತ್ತಲೂ ಇದ್ದೆ. "ತಡಿ, ನೋಡೋಣ," ಎನ್ನುತ್ತಿದ್ದರು. ಮಕ್ಕಳಾದವು, ಆ ಮಕ್ಕಳಿಗೆ ಮದುವೆಯೂ ಆಯಿತು. ಅತ್ತೆ ನೋಡುತ್ತಲೇ ಇದ್ದರು.

ಹರಿಹರದ ಬಸ್ಸು

ನಿವೃತ್ತಿಯಾದ ಮೇಲೆ ಒಮ್ಮೆ ಅತ್ತೆಯೊಡನೆ ಹರಿಹರಕ್ಕೆ ಹೊರಟಿದ್ದೆ. ಬಸ್ಸಿನ ಬಾಗಿಲಲ್ಲಿ ನೂಕುನುಗ್ಗಲು. ನನಗೆ ನೂಕುನುಗ್ಗಲು ಸೇರುವುದಿಲ್ಲ, ಇನ್ನೊಂದು ಬಸ್ಸಿಗೆ ಹೋಗೋಣ ಎಂದೆ. ಅತ್ತೆ ಬ್ಯಾಗಿನಿಂದ ಗಂಟೆ ತೆಗೆದು ಒಮ್ಮೆ ಹೊಡೆದರು.

ಒಳಗಿನಿಂದ ಕಂಡಕ್ಟರ್ ಧಡಧಡನೆ ಇಳಿದು ಬಂದ. ಅವರ ಹಳೆಯ ವಿದ್ಯಾರ್ಥಿ. ಅತ್ತೆಯವರ ಮುಖ ನೋಡಿದವನೇ ಜನರ ಕಡೆ ತಿರುಗಿ, "ಸಾಲು ಮಾಡ್ರಿ! ಗಿಡ್ಡ ಇದ್ದೋರು ಮುಂದೆ ಬರ್ರಿ!" ಎಂದು ಕೂಗಿದ.

ಸೂಟ್‌ಕೇಸ್ ಹಿಡಿದಿದ್ದ ಎತ್ತರದ ಗೃಹಸ್ಥರೊಬ್ಬರು ರೇಗಿದರು. "ಏನ್ರಿ ಇದು? ನಾನು ಎಲ್ಲರಿಗಿಂತ ಮೊದ್ಲು ಬಂದೀನಿ!"

"ಅದು ಖರೆ ಸಾರ್," ಎಂದ ಕಂಡಕ್ಟರ್ ವಿನಯದಿಂದ. "ಆದ್ರೆ ನೀವು ಉದ್ದ ಇದೀರಿ."

ನೇಲ್ ಕಟರ್

ಅತ್ತೆ ಹಾಸಿಗೆ ಹಿಡಿದಾಗ ನೋಡಲು ತಪ್ಪದೆ ಬರುತ್ತಿದ್ದವರು ಹರಿಹರದಲ್ಲಿ ದೊಡ್ಡ ಬಟ್ಟೆ ಅಂಗಡಿ ಇಟ್ಟಿರುವ ಸಾಬರು. ಅವರೂ ಹಳೆಯ ವಿದ್ಯಾರ್ಥಿ. ಗಡ್ಡ ನೆರೆತಿದೆ, ಮೊಮ್ಮಕ್ಕಳಿದ್ದಾರೆ. ಆದರೂ ಬಾಗಿಲಲ್ಲಿ ನಿಂತು, "ಒಳಗೆ ಬರ್ಲಾ ಟೀಚರ್?" ಎಂದು ಕೇಳುವರು. ಒಳಗೆ ಬಂದರೆ ಮೊದಲು ಎರಡೂ ಕೈ ಚಾಚಬೇಕು. ಅತ್ತೆ ಕನ್ನಡಕ ಹಾಕಿಕೊಂಡು ಉಗುರು ನೋಡುವರು. ಆಮೇಲೆ ಇಬ್ಬರೂ ಅದೇನೋ ಗುಸುಗುಸು ಮಾತಾಡುವರು. ನಾನು ಚಹಾ ತಂದರೆ ಮಾತು ನಿಲ್ಲುತ್ತಿತ್ತು.

ಒಂದು ದಿನ ಗೇಟಿನವರೆಗೆ ಬಂದ ಕಾರು ಹಾಗೆಯೇ ಹಿಂದಕ್ಕೆ ಹೊರಟಿತು. ನಾನು ಓಡಿಹೋಗಿ ತಡೆದೆ.

"ಯಾಕ್ರಿ, ಒಳಗೆ ಬರ್ರಿ. ಅತ್ತೆ ಕಾಯ್ತಿದಾರೆ."

"ಇಲ್ಲ ಅಕ್ಕಾರ, ನಾಳಿಕ್ಕೆ ಬರ್ತೀನಿ," ಎಂದು ಸಾಬರು ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡರು. "ನೇಲ್ ಕಟರ್ ಅಂಗಡ್ಯಾಗೇ ಮರ್ತು ಬಂದೀನಿ."

ಗಣಾರಾಧನೆ

ಅತ್ತೆ ಹೋದರು. ಗಂಟೆಯ ವಿಷಯ ಕೊನೆಗೂ ಇತ್ಯರ್ಥವಾಗಲಿಲ್ಲ.

ಅತ್ತೆಯವರ ಹೆಸರಿನಲ್ಲಿ ಊಟ ಹಾಕುವ ಗಣಾರಾಧನೆಯ ದಿನ ದಾವಣಗೆರೆ, ಹರಿಹರ, ಅತ್ತ ಲೋಕಿಕೆರೆಯಿಂದಲೂ ಅವರ ವಿದ್ಯಾರ್ಥಿಗಳು ಬಂದರು. ಊಟದ ಹಾಲ್‌ನ ಬಾಗಿಲಲ್ಲಿ ತಳ್ಳಾಟ ಶುರುವಾಯಿತು. ನಮ್ಮ ಯಜಮಾನರು ಕೂಗಿದರು, ಅಡುಗೆಯವರು ಕೂಗಿದರು, ಯಾರೂ ಕೇಳಲಿಲ್ಲ. ಗಂಟೆ ಅತ್ತೆಯವರ ಫೋಟೊ ಮುಂದೆ ವಿಭೂತಿ, ಹೂವಿನ ನಡುವೆ ಇತ್ತು. ಅವರು ಕೊಡಲಿಲ್ಲ, ನಿಜ. ಆದರೆ ಅವರ ಊಟದಲ್ಲಿ ಅಶಿಸ್ತನ್ನು ನೋಡಿಕೊಂಡು ನಿಲ್ಲುವುದು ನನ್ನಿಂದ ಆಗದು. ಎತ್ತಿಕೊಂಡು ಹೊಡೆದೆ.

ಗದ್ದಲ ನಿಂತಿತು. ವಕೀಲರು, ವರ್ತಕರು, ಅಜ್ಜಿಯಾದವರು, ಎಲ್ಲರೂ ಎತ್ತರ ನೋಡಿಕೊಂಡು ಸಾಲಾದರು. ಮುಂದೆ ನುಗ್ಗಿದ ಮುಖಂಡರೊಬ್ಬರಿಗೆ ಯಾರೋ, "ಲೇ, ನೀನು ಹಿಂದಿನ ಸಾಲು," ಎಂದರು. ಅವರು ತಲೆ ತಗ್ಗಿಸಿ ಹೋದರು.

ಎಲ್ಲರೂ ಕೂತರು. ಎಲೆ ತುಂಬ ಬಡಿಸಿದ್ದಾಯಿತು. ಗೋಧಿ ಹುಗ್ಗಿಯಿಂದ ಹಬೆ ಏಳುತ್ತಿತ್ತು. ಆದರೆ ಒಬ್ಬರೂ ಎಲೆ ಮುಟ್ಟಲಿಲ್ಲ. ಕೈ ಕಟ್ಟಿ, ತಲೆ ಬಾಗಿಸಿ ಹಾಗೆಯೇ ಕೂತರು. ಎಂಥ ಗುರುಭಕ್ತಿ! ಸಾರ್ವಜನಿಕವಾಗಿ ಅಳುವ ಅಭ್ಯಾಸ ನನಗಿಲ್ಲ, ಆದರೂ ಕಣ್ಣು ತುಂಬಿತು. ಗಂಟೆಯನ್ನು ಎದೆಗೊತ್ತಿಕೊಂಡು ನಾನೂ ಮೌನವಾಗಿ ನಿಂತೆ. ಮೌನ ಬೆಳೆಯಿತು. ಹಬೆ ಇಳಿಯಿತು.

ಆಗ ಸಾಲಿನ ನಡುವಿನಿಂದ ಒಂದು ಕೈ ಮೇಲೆದ್ದಿತು. ಬಟ್ಟೆ ಅಂಗಡಿಯ ಸಾಬರದು.

"ಅಕ್ಕಾರ, ಎರಡ್ನೇ ಗಂಟೆ ಹೊಡೀರಿ. ಹುಗ್ಗಿ ಪೂರಾ ಆರಿ ಹೋಗ್ತೈತೆ."

ನನ್ನ ಮುಖ ಕೆಂಪಾಯಿತು. "ಮೊದಲೇ ಹೇಳಬಾರದಿತ್ತೇನ್ರಿ?"

"ನೀವೇ ಹೊಡೀತೀರೇನೋ ಅಂತ ಕಾದೆ. ಟೀಚರ್ ನಂಗೆ ಹೇಳಿದ್ರು: 'ಗಂಟೆ ನನ್ನ ಸೊಸೀಗೇ. ಮೊದ್ಲನೇದು ನನಗಿಂತ ಚಲೋ ಹೊಡೀತಾಳೆ. ಎರಡ್ನೇದು ಮರೀತಾಳೆ. ನೀ ಕೈ ಎತ್ತು.'"

ಹೊಡೆದೆ. ಆರಿದ ಹುಗ್ಗಿಯನ್ನು ಯಾರೂ ದೂರಲಿಲ್ಲ. ದೂರಬೇಕಾದವರು ಮೊದಲೇ ದೂರಿ ಹೋಗಿದ್ದರಲ್ಲ!