ಅತ್ತೆ ವಾಚು ಮಾರಿದ್ದು

ನಮ್ಮ ಸೋದರತ್ತೆ ಜ್ವರದ ಜೊತೆಗೂ ಚೌಕಾಸಿ ಮಾಡಿದವರು ಎಂದರೆ ನೀವು ನಂಬುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ಅವತ್ತು ನಿಪ್ಪಾಣಿಯ ದವಾಖಾನೆಯಲ್ಲಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದವಳು ನಾನೇ. ಡಾಕ್ಟರು ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ನೂರಾ ಎರಡು ಎಂದರು. ಅತ್ತೆ ಮುಚ್ಚಿದ ಕಣ್ಣು ತೆರೆಯದೆ, "ಅಷ್ಟ್ ಬ್ಯಾಡ್ರಿ, ನೂರಾ ಒಂದು ಮಾಡ್ರಿ," ಎಂದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಅತ್ತೆ ದೂರದಲ್ಲಿ ಬರುವುದು ಕಂಡರೆ ಸಾಕು, ಸಂತೆಯಲ್ಲಿ ಬದನೆಕಾಯಿ ಮಾರುವವರು ಬೆಲೆಯನ್ನು ಮೊದಲೇ ಏರಿಸಿಟ್ಟುಕೊಳ್ಳುತ್ತಿದ್ದರು. ಹೇಗೂ ಇಳಿಸುವುದು ಇದ್ದೇ ಇದೆಯಲ್ಲ! ಒಂದೇ ಬೆಲೆ ಎಂದು ಬೋರ್ಡು ತೂಗುಹಾಕಿದ ಬಟ್ಟೆ ಅಂಗಡಿಗೆ ಹೋಗಿ, ಆ ಬೋರ್ಡು ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದವರು ಇವರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ ಊರಿಗೆ ಊರೇ ಸಂಭ್ರಮಪಟ್ಟರೆ ನಮ್ಮ ಅತ್ತೆ ಮಾತ್ರ ಮಂಕಾದರು. ಟಿಕೆಟ್ಟಿಗೆ ಬೆಲೆಯೇ ಇಲ್ಲವೆಂದ ಮೇಲೆ ಕಂಡಕ್ಟರ್ ಜೊತೆ ಮಾತಾಡುವುದಾದರೂ ಏನು? ಕಡೆಗೆ ಕಿಟಕಿ ಪಕ್ಕದ ಸೀಟಿಗಾಗಿ ಚೌಕಾಸಿ ಶುರುಮಾಡಿ ಜೀವಕ್ಕೆ ಸಮಾಧಾನ ತಂದುಕೊಂಡರು.

ಇಂಥವರು ಒಂದು ದಿನ ಚಿಕ್ಕೋಡಿಯಲ್ಲಿರುವ ನನಗೆ ಫೋನು ಮಾಡಿ, ಮಾವನ ವಾಚು ಮಾರಬೇಕು, ರಜೆ ಹಾಕಿ ಬಾ ಎಂದರು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಲೆಕ್ಕದ ಮೇಷ್ಟ್ರಾದವಳಿಗೆ ವ್ಯಾಪಾರ ಗೊತ್ತಿರಲೇಬೇಕು ಎಂಬುದು ಅವರ ನಂಬಿಕೆ.

ಮಾವ ತೀರಿಕೊಂಡು ಬಹಳ ವರ್ಷಗಳಾಗಿವೆ. ಅವರು ನಿಪ್ಪಾಣಿಯ ಒಬ್ಬ ತಂಬಾಕಿನ ವ್ಯಾಪಾರಿಯ ಬಳಿ ಲೆಕ್ಕಪತ್ರ ನೋಡುವ ದಿವಾನಜಿಯಾಗಿದ್ದರು. ಆ ವ್ಯಾಪಾರಿ ಯಾವುದೋ ಖುಷಿಯಲ್ಲಿ ಅವರಿಗೆ ಚಿನ್ನದ ಸ್ವಿಸ್ ವಾಚು ಕೊಟ್ಟಿದ್ದರು. ಮಾವ ಅದನ್ನು ಕಟ್ಟಿಕೊಳ್ಳುತ್ತಿದ್ದದ್ದು ಮದುವೆಗಳಿಗೆ ಮಾತ್ರ. ಉಳಿದಂತೆ ಅದು ಕಪಾಟಿನಲ್ಲಿ ಮಲಗಿರುತ್ತಿತ್ತು. ಬೆಳಿಗ್ಗೆ ಕಪಾಟು ತೆಗೆದು, ಕೀಲಿ ಕೊಟ್ಟು, ಕಿವಿಗೆ ಹಿಡಿದು ಕೇಳಿ, ಮತ್ತೆ ಮಲಗಿಸುತ್ತಿದ್ದರು. "ಇದಕ್ಕ ಕೀಲಿ ಕೊಡೂದು ಒಂದಿನಾ ಮರೀಲಿಲ್ಲ. ನನ್ನ ಮಾತಿಗೆ ಕಿವಿ ಕೊಡೂದು ಒಂದಿನಾ ನೆನಪಾಗ್ಲಿಲ್ಲ," ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ.

ಹಾಗಾದರೆ ಅವರ ಮಾತಿಗೆ ಕಿವಿ ಕೊಟ್ಟವರು ಯಾರು? ಪಕ್ಕದ ಮನೆಯ ಜೈತುನಬಿ. ಎರಡು ಮನೆಗಳ ನಡುವೆ ಎದೆಮಟ್ಟದ ಗೋಡೆ. ಇಬ್ಬರೂ ಹೊಸ ಸೊಸೆಯರಾಗಿ ಬಂದಾಗಿನಿಂದ ಆ ಗೋಡೆಗೆ ಆನಿಕೊಂಡು ಅರ್ಧ ಕನ್ನಡ, ಕಾಲು ಮರಾಠಿ, ಕಾಲು ಉರ್ದುವಿನಲ್ಲಿ ಮಾತಾಡಿದವರು. ಅಣ್ಣನ ಹೆಂಡತಿಯನ್ನು ಕರೆಯುವಂತೆ ಜೈತುನಬಿ ಅತ್ತೆಯನ್ನು ವೈನಿ ಎಂದೇ ಕರೆಯುತ್ತಿದ್ದರು. ಈಚೆಗೆ ಕೆಲವು ವರ್ಷಗಳಿಂದ ಜೈತುನಬಿಯ ಕಿವಿ ಮಂದವಾಗುತ್ತಾ ಬಂದಿತ್ತು. ಅವರ ಕಿವಿ ಇಳಿದಷ್ಟೂ ಅತ್ತೆಯ ದನಿ ಏರಿತು. ಯಾರಿಗೂ ಹೇಳಬೇಡ ಎಂದು ಅತ್ತೆ ಗೋಡೆಯ ಮೇಲಿಂದ ಹೇಳಿದ ಗುಟ್ಟು, ಜೈತುನಬಿ ಒಬ್ಬರನ್ನು ಬಿಟ್ಟು ಇಡೀ ಗಲ್ಲಿಗೆ ಗೊತ್ತಾಗುತ್ತಿತ್ತು. ಅವರ ಮಗ ಇಚಲಕರಂಜಿಯಿಂದ ಒಂದು ಅಗ್ಗದ ಯಂತ್ರ ತಂದುಕೊಟ್ಟ. ಅದು ಕಿವಿಯಲ್ಲಿ ಕುಕ್ಕರಿನಂತೆ ಸೀಟಿ ಹೊಡೆದು ಪೆಟ್ಟಿಗೆ ಸೇರಿತು. ಕಡೆಗೆ ಜೈತುನಬಿ ಕೇಳಿಸದಿದ್ದರೂ ಹೂಂ ಹೂಂ ಎಂದು ತಲೆಯಾಡಿಸಲು ಶುರುಮಾಡಿದರು. ಅತ್ತೆಗೆ ಸಹಿಸಲಾಗದ್ದು ಇದೇ. ಒಳ್ಳೆಯ ಯಂತ್ರ ಎರಡೂ ಕಿವಿಗೆ ಹಾಕಿಸಲು ಒಂದೂವರೆ ಲಕ್ಷ ಬೇಕೆಂದು ಕೊಲ್ಹಾಪುರದಲ್ಲಿ ಹೇಳಿದ್ದರಂತೆ. ಆದ್ದರಿಂದ ವಾಚು ಮಾರುವುದೆಂದು ಅತ್ತೆ ನಿಶ್ಚಯಿಸಿದ್ದರು.

ನಾನು ನಿಪ್ಪಾಣಿಗೆ ಹೋದಾಗ ಅತ್ತೆ ಹುಣಸೆಹಣ್ಣು, ಬೂದಿ ಎದುರಿಗಿಟ್ಟುಕೊಂಡು ವಾಚನ್ನು ತಿಕ್ಕಲು ಸೆರಗು ಸಿಕ್ಕಿಸಿ ಕೂತಿದ್ದರು. ನಾನು ಮುಂದಿನ ಬಸ್ಸಿಗೆ ಬಂದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಹಳೆಯ ವಾಚುಗಳನ್ನು ಹೊಳಪು ಮಾಡಿಸಿದರೆ ಬೆಲೆ ಬೀಳುತ್ತದೆ, ಸಂಗ್ರಾಹಕರಿಗೆ ಗೀರುಗಳಿದ್ದರೂ ಮೂಲದ್ದೇ ಇಷ್ಟ ಎಂದು ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದನ್ನು ಅವರಿಗೆ ವಿವರಿಸಿದೆ. ಅತ್ತೆ ಬೂದಿಯ ಬಟ್ಟಲು ಸರಿಸಿದರು.

"ಗೀರಿಗೂ ರೊಕ್ಕಾ ಕೊಡ್ತಾರಂದ್ರ, ನನ್ನ ಮಾರಿ ಮ್ಯಾಲಿನ ಗೀರಿಗೆ ಏನ್ ಕೊಡ್ತಾರ ಕೇಳಿ ನೋಡು."

ಮೊದಲು ಹೋದದ್ದು ಪರಿಚಯದ ಅಕ್ಕಸಾಲಿಗರ ಅಂಗಡಿಗೆ. ಅವರು ವಾಚನ್ನು ತಿರುಗಿಸಿ, ಚಿನ್ನದ ತೂಕ ಅಂದಾಜು ಮಾಡಿ, ಒಂದು ಲಕ್ಷ ಕೊಡಬಹುದು ಎಂದರು. ಅವರ ಮಾತು ಮುಗಿಯುವ ಮೊದಲೇ ಅತ್ತೆ, "ಭಾಳ ಆತ್ರಿ, ಎಂಬತ್ತಕ್ಕ ಮುಗಸ್ರಿ," ಎಂದುಬಿಟ್ಟರು.

ಅಕ್ಕಸಾಲಿಗರು ಮೆಲ್ಲಗೆ, ಆಗಲಿ ಬಿಡ್ರಿ, ನಿಮ್ಮ ಮಾತು ಯಾಕೆ ತೆಗೆದುಹಾಕಲಿ ಎಂದರು. ನಾನು ವಾಚು ಕಸಿದುಕೊಂಡು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇವೆಂದು ಸುಳ್ಳು ಹೇಳಿ, ಅತ್ತೆಯ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ರಸ್ತೆಗೆ ಬಂದ ಮೇಲೆ ಅವರಿಗೂ ಅರಿವಾಯಿತು. ಹುಟ್ಟಿದಾಗಿನಿಂದ ಕೊಂಡವರೇ ಹೊರತು ಅವರು ಏನನ್ನೂ ಮಾರಿದವರಲ್ಲ. ಕಿವಿಗೊಂದು ಅಂಕಿ ಬಿದ್ದರೆ ನಾಲಿಗೆ ತಾನಾಗಿಯೇ ಅದನ್ನು ಇಳಿಸುತ್ತದೆ. ಈ ನಾಲಿಗೆಯನ್ನು ಇಟ್ಟುಕೊಂಡು ಮಾರಾಟಕ್ಕೆ ಹೋದರೆ ವಾಚಿನ ಜೊತೆ ಕೈಯಿಂದ ರೊಕ್ಕ ಕೊಟ್ಟು ಬರುವುದೇ ಸರಿ!

ಆ ಸಂಜೆ ಮನೆಯಲ್ಲಿ ತರಬೇತಿ ಶುರುವಾಯಿತು. ನಾನು ಗಿರಾಕಿ, ಅತ್ತೆ ಮಾರುವವರು. ನಾನು ಒಂದು ಬೆಲೆ ಹೇಳಬೇಕು, ಅವರು ಅದಕ್ಕಿಂತ ಹೆಚ್ಚು ಹೇಳಬೇಕು. ಇಷ್ಟು ಸುಲಭದ ಲೆಕ್ಕವನ್ನು ನನ್ನ ಶಾಲೆಯ ಕೊನೆಯ ಬೆಂಚಿನವರೂ ಮಾಡಿಯಾರು. ಅತ್ತೆ ಪ್ರತಿಸಲ ಬಾಯಿ ತೆರೆದು, ನಾಲಿಗೆ ಕಚ್ಚಿಕೊಂಡು, ಬೆವರೊರೆಸಿಕೊಂಡರು. ಕಡೆಗೆ ನಾನು ಕೈಮುಗಿದು, ಹೆಚ್ಚು ಹೇಳುವುದು ಬೇಡ, ಬೆಲೆ ಕೇಳಿದ ಮೇಲೆ ಸುಮ್ಮನಿದ್ದರೂ ಸಾಕು ಎಂದೆ. ಸುಮ್ಮನಿರುವುದೇ? ಅದೂ ನಮ್ಮ ಅತ್ತೆ?

ದಾರಿ ಅವರೇ ಹುಡುಕಿದರು. ಮರುದಿನ ಕೊಲ್ಹಾಪುರದ ಹಳೆ ವಾಚಿನ ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ ಸಂಚಿ ಬಿಚ್ಚಿ, ಎಲೆ, ಅಡಿಕೆ, ಸುಣ್ಣ ಎಲ್ಲ ಸೇರಿಸಿ ಮುಷ್ಟಿಗಾತ್ರದ ಎಲೆಯಡಿಕೆ ಬಾಯಿಗೆ ತುಂಬಿಕೊಂಡರು. ಮಾತಾಡಬೇಕೆಂದರೆ ಉಗುಳಬೇಕು, ಉಗುಳಲು ಅಲ್ಲಿ ಜಾಗವಿಲ್ಲ. ಅಂಗಡಿಯವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ವಾಚಿನ ಹೊಟ್ಟೆಯನ್ನು ನೋಡಿ, ಯಂತ್ರ ಮೂಲದ್ದೇ ಇದೆ, ಮುಖಕ್ಕೂ ಯಾರೂ ಕೈಹಚ್ಚಿಲ್ಲ ಎಂದು ಮರಾಠಿಯಲ್ಲಿ ಮೆಚ್ಚಿಕೊಂಡು, ಒಂದು ಲಕ್ಷ ನಲವತ್ತು ಎಂದರು. ಅತ್ತೆಯ ಗಂಟಲಿನಲ್ಲಿ ಏನೋ ಗುಟುರಿತು. ನಾನು ಅವರ ಮೊಣಕೈ ಒತ್ತಿಹಿಡಿದೆ. ಅತ್ತೆ ಕಣ್ಣರಳಿಸಿ ಅಂಗಡಿಯವರನ್ನೇ ನೋಡಿದರು. ಆ ನೋಟಕ್ಕೆ ಅವರು ಏನು ಅರ್ಥ ಮಾಡಿಕೊಂಡರೋ, ಒಂದು ಲಕ್ಷ ಐವತ್ತೈದು ಎಂದರು. ಆಮೇಲೆ, ಇದರ ಮೂಲ ಡಬ್ಬಿ, ಕಾಗದ ಇದ್ದರೆ ಇನ್ನೂ ಹೆಚ್ಚು ಬರುತ್ತಿತ್ತು ಎಂದು ನಿಟ್ಟುಸಿರಿಟ್ಟರು.

ಅತ್ತೆ ತಟ್ಟನೆ ಎದ್ದು ಹೊರಟರು. ಬೀದಿಗೆ ಬಂದು ಚರಂಡಿಯ ಬಳಿ ಬಾಯಿ ಖಾಲಿ ಮಾಡಿದ ಮೇಲೆ ತಿಳಿಯಿತು: ಡಬ್ಬಿ ಮನೆಯಲ್ಲಿಯೇ ಇದೆ, ಅದರಲ್ಲಿ ಸೂಜಿ, ದಾರ, ರವಿಕೆಯ ಹುಕ್ಕುಗಳಿವೆ. ಕಾಗದ ಕಪಾಟಿನ ಹಲಗೆಗೆ ಹಾಸಿದ್ದಾರೆ. ಯಾವುದನ್ನೂ ಬಿಸಾಕದ ಅವರ ಗುಣವನ್ನು ನಮ್ಮ ಇಡೀ ಮನೆತನ ಆಡಿಕೊಂಡು ನಕ್ಕಿತ್ತು. ಈಗ ನೋಡಿ!

ನಾನು ಡಬ್ಬಿ, ಕಾಗದಗಳನ್ನೂ ಜೋಡಿಸಿ ಫೋಟೊ ತೆಗೆದು, ಹಳೆ ವಾಚು ಸಂಗ್ರಹಿಸುವವರ ಒಂದು ವಾಟ್ಸಾಪ್ ಗುಂಪಿಗೆ ಕಳಿಸಿದೆ. ಹಲವರು ಕೇಳಿದರು, ಒಬ್ಬರು ಬಂದೇಬಿಟ್ಟರು. ಪುಣೆಯವರು, ಮೆಲುದನಿಯ ಮನುಷ್ಯ. ಹೆಂಡತಿ ಬೆಳಗಾವಿ ಕಡೆಯವರಂತೆ, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಅವತ್ತು ಜೈತುನಬಿಯೂ ಬಂದು ಪಡಸಾಲೆಯಲ್ಲಿ ಕೂತರು. ವಾಚು ಯಾಕೆ ಮಾರುತ್ತಿರುವುದೆಂದು ಅವರಿಗೆ ಹೇಳಿಲ್ಲ ಎಂದಿದ್ದರು ಅತ್ತೆ. ಆದರೆ ಗಲ್ಲಿಯಲ್ಲಿ ಉಳಿದವರಿಗೆಲ್ಲ ಗೊತ್ತಿತ್ತೆನ್ನಿ.

ಅತ್ತೆಯ ಬಾಯಲ್ಲಿ ಮತ್ತೆ ಎಲೆಯಡಿಕೆ. ಪುಣೆಯವರು ವಾಚು ನೋಡಿ ಒಂದು ಲಕ್ಷ ಎಂಬತ್ತು ಎಂದರು. ಅತ್ತೆ ಮೌನ. ಅವರು ಕೊಂಚ ಮುಜುಗರಪಟ್ಟು, ಕಾಗದದ ಮೇಲಿನ ನಂಬರನ್ನು ಬೆಳಕಿನಲ್ಲಿ ನೋಡಲು ಎದ್ದು ಬಾಗಿಲ ಕಡೆ ನಡೆದರು. ಜೈತುನಬಿಗೆ ಮಾತೇನೂ ಕೇಳಿಸಿರಲಿಲ್ಲ. ಬಂದ ಅತಿಥಿ ಹೊರಟರು ಎಂದುಕೊಂಡು, ಮರ್ಯಾದೆಯ ಹೆಣ್ಣುಮಗಳು, ತಾವೂ ಎದ್ದು ಅವರ ಚಪ್ಪಲಿಗಳನ್ನು ನೆಟ್ಟಗೆ ಜೋಡಿಸಿ, "ಹೋಗಿ ಬರ್ರಿ, ಮನ್ಯಾಗ ಎಲ್ಲಾರಿಗೂ ಕೇಳೇವಂತ ಹೇಳ್ರಿ," ಎಂದರು.

ಪುಣೆಯವರು ಗಾಬರಿಯಾದರು. ಒಬ್ಬರು ಮಾತೇ ಆಡುತ್ತಿಲ್ಲ, ಇನ್ನೊಬ್ಬರು ಚಪ್ಪಲಿ ತೋರಿಸುತ್ತಿದ್ದಾರೆ! ಎರಡು ಲಕ್ಷ ಎಂದರು. ಜೈತುನಬಿ ಅಷ್ಟಕ್ಕೂ ಅವರು ಹೋಗದ್ದು ನೋಡಿ, ಪಾಪ ಬಾಯಾರಿಕೆಯೇನೋ ಎಂದು ಒಂದು ಲೋಟ ನೀರು ತಂದು ಕೈಗಿಟ್ಟು ಮತ್ತೊಮ್ಮೆ ಹೋಗಿ ಬರ್ರಿ ಎಂದರು. ಎರಡು ಲಕ್ಷ ಇಪ್ಪತ್ತು. ಆಗ ಅತ್ತೆ ಒಳಗೆ ಹೋಗಿ ಬಾಯಿ ತೊಳೆದುಕೊಂಡು ಬಂದರು. ಬಾಯಿ ಖಾಲಿಯಾದದ್ದು ಕಂಡು ನಾನು ಅವರ ಮೊಣಕೈ ಹಿಡಿಯಲು ಎದ್ದೆ.

"ಇದು ವಾಚಿಂದಾತ್ರಿ. ಡಬ್ಬಿದು, ಕಾಗದದ್ದು?" ಎಂದರು ಅತ್ತೆ. "ಜಲ್ಮ ಪೂರ್ತಿ ಕೊತ್ತಂಬರಿ ಪುಕ್ಕಟ ಇಸ್ಕೊಂಡಾಕಿರಿ ನಾ. ಪುಕ್ಕಟ ಕೊಟ್ಟು ರೂಢಿ ಇಲ್ಲ."

ಪುಣೆಯವರು ನಕ್ಕರು. ಎರಡು ಲಕ್ಷ ನಲವತ್ತಕ್ಕೆ ಮುಗಿಯಿತು. ಅವರು ವಾಚನ್ನು ಡಬ್ಬಿಯಲ್ಲಿ ಇಡಲು ಹೋದಾಗ ಅತ್ತೆ ತಡೆದರು. ಕೈಯಲ್ಲಿ ಕಟ್ಟಿಕೊಂಡೇ ಹೋಗಿ ಎಂದರು. "ಕಪಾಟಿನ್ಯಾಗ ಇಡಬ್ಯಾಡ್ರಿ. ನಮ್ಮವರು ಇಟ್ಟಿದ್ರು. ಅವರೂ ನೆಟ್ಟಗ ಕಟ್ಟಲಿಲ್ಲ, ಯಾರೂ ನೋಡ್ಲಿಲ್ಲ." ಆ ಮನುಷ್ಯ ಕೂಡಲೇ ಕಟ್ಟಿಕೊಂಡರು. ಅತ್ತೆ ಬಾಗಿಲಲ್ಲಿ ನಿಂತು, ಅವರ ಕಾರು ಗಲ್ಲಿ ತಿರುಗುವವರೆಗೆ ನೋಡಿದರು.

ಇಷ್ಟಕ್ಕೆ ಮುಗಿಯಿತೆಂದುಕೊಂಡಿರಾ? ದುಡ್ಡು ಯಾತಕ್ಕೆಂದು ತಿಳಿದಕೂಡಲೇ ಜೈತುನಬಿ ಯಂತ್ರ ಬೇಡವೇ ಬೇಡ ಎಂದು ಕೂತರು. ಮಾವನ ಜೀವದಂಥ ವಾಚು ಮಾರಿ ತನ್ನ ಕಿವಿ ರಿಪೇರಿಯೇ ಎಂದು ಅತ್ತು ರಂಪ ಮಾಡಿದರು. ಅತ್ತೆ ಗೋಡೆಗೆ ಆನಿಕೊಂಡು ಗಲ್ಲಿ ನಡುಗುವಂತೆ ಕೂಗಿದರು: "ನಿನಗಲ್ಲ ಬೇ, ನನಗ! ಒದರಿ ಒದರಿ ನನ್ನ ಗಂಟಲಾ ಹರದೈತಿ. ಗಂಟಲಿನ ಡಾಕ್ಟರಗಿಂತ ನಿನ್ನ ಕಿವೀನ ಸೋವಿ." ಜೈತುನಬಿಗೆ ಇದು ಎಷ್ಟು ಕೇಳಿಸಿತೋ ಗೊತ್ತಿಲ್ಲ. ಗಲ್ಲಿಯವರೆಲ್ಲ ಒಂದಾಗಿ ಅವರನ್ನು ಒಪ್ಪಿಸಿದರು.

ಮೂವರೂ ಕೊಲ್ಹಾಪುರಕ್ಕೆ ಹೋದೆವು. ಅತ್ತೆ ಅಲ್ಲಿಯೂ ಒಂದಿಷ್ಟು ಇಳಿಸಿ, ಮೇಲೆ ಬ್ಯಾಟರಿಗಳನ್ನು ಪುಕ್ಕಟೆ ಇಸಿದುಕೊಂಡು, ಹೋದ ಮಾನ ಬಂದಂತೆ ಕಳೆಗಟ್ಟಿದರು. ಅಲ್ಲಿನ ಹುಡುಗಿ ಜೈತುನಬಿಯ ಎರಡೂ ಕಿವಿಗೆ ಯಂತ್ರ ಕೂರಿಸಿ, ಕಂಪ್ಯೂಟರಿನಲ್ಲಿ ಏನೋ ಒತ್ತಿ, ಈಗ ಮಾತಾಡಿಸಿ ಎಂದಳು. ಅತ್ತೆ ರೂಢಿಯಂತೆ ಉಸಿರೆಳೆದುಕೊಂಡು, "ಜೈತುನ್!" ಎಂದು ಕೂಗಿದರು. ಜೈತುನಬಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಕುರ್ಚಿಯಲ್ಲಿ ಮುದುಡಿದರು. ನಾವೆಲ್ಲ ನಕ್ಕೆವು.

ಅತ್ತೆ ಹತ್ತಿರ ಹೋಗಿ ಕೂತರು. ಅವರಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಕೇಳಸ್ತೈತೇನವಾ?"

ಜೈತುನಬಿ ಹೂಂ ಎನ್ನಲಿಲ್ಲ. ತಲೆಯಾಡಿಸಲಿಲ್ಲ. ಅತ್ತೆಯ ತುಟಿಗಳನ್ನೇ ನೋಡಿದರು. ಕಣ್ಣು ತುಂಬಿ ಬಂತು.

"ವೈನಿ, ನಿನ್ನ ದನಿ ಮುದಕಿ ದನಿ ಆಗೇತಿ," ಎಂದರು. "ಯಾವಾಗ ಆತು?"

"ನಿನಗ ಕೇಳಸ್ತಿರಲಿಲ್ಲಲ್ಲಾ, ಆಗ," ಎಂದರು ಅತ್ತೆ.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೆವು. ತಾನು ಸುಮ್ಮನೆ ಹೂಂಗುಟ್ಟಿದ್ದು ಏನೇನಿತ್ತೋ ಅದೆಲ್ಲವನ್ನೂ ಮೊದಲಿಂದ ಹೇಳು ಎಂದರು ಜೈತುನಬಿ. ಅತ್ತೆ ಅವರ ಕೈ ಹಿಡಿದುಕೊಂಡು ಹೇಳತೊಡಗಿದರು. ನಿಪ್ಪಾಣಿಯ ಬಸ್ಸು ಬಂದು ನಿಂತಿತು, ಕಂಡಕ್ಟರು ಊರಿನ ಹೆಸರು ಕೂಗಿದರು. ಅವರಿಬ್ಬರನ್ನು ಬೆಂಚಿನಿಂದ ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.